ತೂಬಿನ ಬಾಯಲ್ಲಿ ಮೈಕು ಹಿಡಿದ ದಿನ

ಕೆರೆಯ ನೀರು ಕಾಲುವೆಗೆ ಬಿಡಲು ತೂಬು ಎತ್ತುವುದು ಬೆಳಗ್ಗೆ ಆರಕ್ಕೆ ಎಂದರೆ ಐದೂವರೆಗೇ ಕೆರೆ ಏರಿಯ ಮೇಲಿರಬೇಕು. ಹೊತ್ತೇರಿದರೆ ಗಾಳಿ ಏಳುತ್ತದೆ, ರಸ್ತೆಯಲ್ಲಿ ಟ್ರ್ಯಾಕ್ಟರ್ ಶುರುವಾಗುತ್ತದೆ. ಕೋಲಾರದ ಕಡೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯ ಕೆಲಸದ ಬಗ್ಗೆ ಅರ್ಧ ಗಂಟೆಯ ಬಾನುಲಿ ರೂಪಕ ಮಾಡಲು ಹೊರಟವರ ಮೊದಲ ಲೆಕ್ಕ ಇದು.

ಮೊಬೈಲ್ ಮೊದಲೇ ಏರೋಪ್ಲೇನ್ ಮೋಡ್‌ಗೆ ಹೋಗಬೇಕು. ಇಲ್ಲದಿದ್ದರೆ ಅದರ ಟಿರ್‌ಟಿರ್ ರೆಕಾರ್ಡಿಂಗ್‌ನೊಳಗೆ ನುಸುಳುತ್ತದೆ, ಆಮೇಲೆ ತೆಗೆಯುವುದು ಕಷ್ಟ. ರೆಕಾರ್ಡರ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಜೋರಾಗಿ ನಕ್ಕಾಗಲೂ ಧ್ವನಿ ಒಡೆಯುವುದಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಗೆ. ನೇರ ಹಿಡಿದರೆ ‘ಪ’, ‘ಬ’ ಬಂದಲ್ಲೆಲ್ಲ ಉಸಿರು ಬಡಿಯುತ್ತದೆ. ಏರಿಯ ಮೇಲಿನ ಗಾಳಿಗೆ ಸ್ಪಂಜಿನ ಕವಚ ಸಾಲದು, ತುಪ್ಪಳದ್ದೇ ಬೇಕು.

ಸುದ್ದಿಗಾದರೆ ಕೆರೆಯಲ್ಲಿ ನೀರೆಷ್ಟಿದೆ, ಎಷ್ಟು ದಿನ ಬಿಡುತ್ತಾರೆ ಎಂಬ 20 ಸೆಕೆಂಡಿನ ಬೈಟು, ಅಂದರೆ ಮಾತಿನ ತುಣುಕು, ಸಾಕು. ರೂಪಕಕ್ಕೆ ಹೋದವರು ಆ ಉತ್ತರ ಸಿಕ್ಕ ಮೇಲೂ ಮೈಕು ಇಳಿಸಬಾರದು. ಶುರುವಿನಲ್ಲಿ ಎಲ್ಲರೂ ರೇಡಿಯೋಗೆಂದೇ ಮಾತಾಡುತ್ತಾರೆ, ಪುಸ್ತಕದ ಕನ್ನಡದಲ್ಲಿ. ಕೈಗೆ ಕೆಲಸ ಸಿಕ್ಕ ಮೇಲೆ ಊರ ಮಾತು ಬರುತ್ತದೆ. ಸನಿಕೆಯಲ್ಲಿ ಕಾಲುವೆಯ ಮಣ್ಣು ಸರಿಸುತ್ತ, ಸುಗ್ಗಿಯಲ್ಲಿ ತನಗೆ ಸಲ್ಲುವ ಕಾಳಿನ ಪಾಲು, ಕೆರೆ ಬತ್ತುತ್ತಿದ್ದ ವರ್ಷ ಯಾರ ಗದ್ದೆಗೆ ನೀರು ಹೋಗುವ ಮಡವೆ ಮುಚ್ಚಬೇಕಾಯಿತು, ಅದರಿಂದ ಯಾರು ಮಾತು ಬಿಟ್ಟರು ಎನ್ನುವುದೆಲ್ಲ ನೀರುಗಂಟಿಯ ಬಾಯಿಂದ ಹೊರಬರುವುದು ಆಗಲೇ. ಇದಕ್ಕಾಗಿಯೇ ದಿನವಿಡೀ ನಿಲ್ಲುವುದು.

ನೀರಿನ ಸದ್ದನ್ನು ಮೂರು ಕಡೆ ಹಿಡಿಯಬೇಕು: ತೂಬಿನ ಬಾಯಲ್ಲಿ, ಹತ್ತು ಹೆಜ್ಜೆ ಆಚೆ, ಕೊನೆಯ ಗದ್ದೆಯಲ್ಲಿ. ಒಂದೊಂದೂ ಎರಡು ನಿಮಿಷಕ್ಕೆ ಕಡಿಮೆಯಿಲ್ಲದಂತೆ. 15 ಸೆಕೆಂಡ್ ಹಿಡಿದು ಮತ್ತೆ ಮತ್ತೆ ಜೋಡಿಸಿದರೆ ಒಂದೇ ಹಕ್ಕಿ ಒಂದೇ ಅಂತರದಲ್ಲಿ ಕೂಗಿ ಗುಟ್ಟು ರಟ್ಟು ಮಾಡುತ್ತದೆ. ಮಾತು ರೆಕಾರ್ಡ್ ಆದ ಜಾಗದಲ್ಲೇ ಯಾರೂ ಮಾತಾಡದೆ ಒಂದು ನಿಮಿಷದ ಬರೀ ಸದ್ದೂ ಬೇಕು. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಬಿರುಕು ಮುಚ್ಚುವುದು ಅದೇ.

ಮೂರು ಗಂಟೆಯ ರೆಕಾರ್ಡಿಂಗ್‌ ಪೂರ್ತಿ ಕೇಳಿ, ನಿಮಿಷ ಹಾಕಿ ಬರೆದಿಟ್ಟುಕೊಳ್ಳದೆ ಸ್ಕ್ರಿಪ್ಟಿಗೆ ಕೂತರೆ ಒಳ್ಳೆಯ ಮಾತು ಕಳೆದುಹೋಗುತ್ತದೆ. ಉಸಿರಿನ ನಡುವೆ ಕತ್ತರಿಸಬಾರದು, ಉಸಿರಿಗೆ ಮುಂಚೆ ಕತ್ತರಿಸಬೇಕು. ಮಾತು ಬಿಟ್ಟವರ ಹೆಸರು ಹೇಳಲಾರದೆ ನೀರುಗಂಟಿ ಸುಮ್ಮನಾಗುವ ನಾಲ್ಕು ಸೆಕೆಂಡ್ ಸುದ್ದಿಯಲ್ಲಿ ಉಳಿಯುವುದಿಲ್ಲ. ಇಲ್ಲಿ ಅದನ್ನು ಮುಟ್ಟಬಾರದು, ಕೇಳುಗರಿಗೆ ಅರ್ಥವಾಗುತ್ತದೆ.

ಹೆಚ್ಚಾಗಿ ಕೆಡುವುದು ನಿರೂಪಣೆಯಿಂದ. ತೂಬು ಎತ್ತಿದ ಸದ್ದಿನ ಮೇಲೆಯೇ ‘ಈಗ ತೂಬು ಎತ್ತುತ್ತಿದ್ದಾರೆ’ ಎಂದು ಓದಿದರೆ ಎರಡೂ ಹಾಳು. ಆ ಸಾಲು ಹೊಡೆದುಹಾಕಿ, ನೀರು ಗುಳುಗುಳು ಎಂದು ಕಾಲುವೆಗೆ ಬೀಳುವುದನ್ನು ಪೂರ್ತಿ 40 ಸೆಕೆಂಡ್ ಹಾಗೇ ಬಿಡಬೇಕು.