ಅಪ್ಪನ ಐದು ಲೀಟರ್ ಕ್ಯಾನು

ಲ್ಯಾಬಿನ ಹುಡುಗಿ ಬಿಳಿ ಪ್ಲಾಸ್ಟಿಕ್ ಕ್ಯಾನಿನ ಮೇಲೆ ಅಪ್ಪನ ಹೆಸರಿನ ಸ್ಟಿಕ್ಕರ್ ಅಂಟಿಸಿ, ರೂಲ್ಸ್ ಹೇಳಿದಳು. ಬೆಳಿಗ್ಗೆ ಎದ್ದ ಕೂಡಲೇ ಆಗೋ ಮೂತ್ರ ಬೇಡ, ಬಿಟ್ಟುಬಿಡಿ. ಆ ಟೈಮು ಬರೆದಿಟ್ಟುಕೊಳ್ಳಿ. ಅಲ್ಲಿಂದ ಮಾರನೇ ದಿನ ಅದೇ ಹೊತ್ತಿನವರೆಗೆ ಆಗಿದ್ದೆಲ್ಲ ಇದರೊಳಗೇ ಬರಬೇಕು. ಒಂದು ಸಲವೂ ತಪ್ಪಿಸಬಾರದು. ತಣ್ಣಗಿರೋ ಜಾಗದಲ್ಲಿಡಿ, ಫ್ರಿಜ್ ಆದ್ರೆ ಒಳ್ಳೇದು.

ಫ್ರಿಜ್ ಅಂದಾಕ್ಷಣ ನನಗೆ ಅಮ್ಮನ ಮುಖ ಕಣ್ಮುಂದೆ ಬಂತು.

ಅಪ್ಪನ ಶುಗರ್ ಹಳೇದು. ಇತ್ತೀಚೆಗೆ ಮೂತ್ರದಲ್ಲಿ ನೊರೆ ಜಾಸ್ತಿ ಅಂತ ಅವರೇ ಒಂದಿನ ಬಾಯಿಬಿಟ್ಟಿದ್ದರು. ದಿನಕ್ಕೆ ಎಷ್ಟು ಪ್ರೋಟೀನ್ ಹೋಗ್ತಿದೆ ನೋಡೋಣ ಅಂತ ಡಾಕ್ಟರು 24 ಗಂಟೆಯ ಟೆಸ್ಟ್ ಬರೆದುಕೊಟ್ಟಿದ್ದರು. ಭಾನುವಾರ ಇಟ್ಟುಕೊಂಡೆವು. ಏಪ್ರಿಲ್ ತಿಂಗಳ ದಾವಣಗೆರೆ. ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ.

"ಹಾಲು, ಮೊಸರು, ದೇವರ ಹೂವು ಇಡೋ ಜಾಗದಾಗೆ ಇದನ್ನ ಇಡ್ತೀರೇನು? ನಾ ಇರೋತನಕ ಆಗಂಗಿಲ್ಲ" ಅಂತ ಅಮ್ಮ ಫ್ರಿಜ್ ಬಾಗಿಲಿಗೇ ಒರಗಿ ನಿಂತರು. ರಾಜಿಯಾಯಿತು. ಬಚ್ಚಲಿನ ಮೂಲೆಯಲ್ಲಿ ಬಕೆಟ್, ಬಕೆಟ್ ತುಂಬ ಐಸು, ಅದರಲ್ಲಿ ಕ್ಯಾನು, ಮೇಲೆ ಒದ್ದೆ ಗೋಣಿಚೀಲ. ಐಸ್ ಕರಗಿದಾಗೆಲ್ಲ ಹೊಸದು ಸುರಿಯೋ ಡ್ಯೂಟಿ ನನಗೆ ಬಿತ್ತು. ಹಾಗಾಗಿ ಕ್ಯಾನಿನ ಪಕ್ಕದ ಅಳತೆ ಗೆರೆಗಳನ್ನು ದಿನವಿಡೀ ನೋಡುವ ಯೋಗ.

ಹನ್ನೊಂದು ಗಂಟೆಯಾದರೂ ಅದು 200 ಎಂಎಲ್ ದಾಟಿರಲಿಲ್ಲ. ಬಣ್ಣ ಕಡು ಹಳದಿ. ಅಪ್ಪ ಬಗ್ಗಿ ನೋಡಿ ಗಾಬರಿಯಾದರು. "ಇಷ್ಟೇನಾ? ಐದು ಲೀಟರಿನ ಕ್ಯಾನು ಕೊಟ್ಟಾರಲ್ಲೋ, ತುಂಬೋದು ಯಾವಾಗ?" ಅಂದವರೇ ಚೊಂಬು ಎತ್ತಿದರು. ಅಮ್ಮ ಹಿಂದೆಯೇ ಮಜ್ಜಿಗೆ ತಂದರು. ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ತಗೊಂಡಷ್ಟೂ ಮಾರ್ಕ್ಸ್ ಜಾಸ್ತಿ ಅನ್ನೋ ಹಾಗಿತ್ತು ಇಬ್ಬರ ಉತ್ಸಾಹ.

ಕ್ಯಾನು ತುಂಬಲೇಬೇಕು ಅಂತೇನಿಲ್ಲ ಅಂತ ಕೂತು ಹೇಳಿದೆ. ಕುಡಿದ ನೀರು ಹೊಟ್ಟೆಯಿಂದ ನೇರ ಮೂತ್ರಕೋಶಕ್ಕೆ ಇಳಿಯಲ್ಲ. ಕರುಳಿನಿಂದ ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಆಮೇಲೆ ಕಿಡ್ನಿಗೆ ಬರುತ್ತೆ. ಬೆಳಿಗ್ಗೆ ಅಪ್ಪ ವಾಕಿಂಗ್ ಹೋಗಿ ಅಂಗಿ ಒದ್ದೆಯಾಗುವಷ್ಟು ಬೆವೆತು ಬಂದಿದ್ದರು. ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ಮೆದುಳಿಗೆ ಗೊತ್ತಾದರೆ ಪಿಟ್ಯುಟರಿ ಗ್ರಂಥಿಯಿಂದ ಎಡಿಎಚ್ ಅನ್ನೋ ಹಾರ್ಮೋನು ಹೊರಡುತ್ತೆ. ನೀರು ಹೊರಗೆ ಬಿಡಬೇಡ ಅಂತ ಅದು ಕಿಡ್ನಿಗೆ ಹೇಳೋ ಮಾತು. ಆಗ ಮೂತ್ರ ಸ್ವಲ್ಪ, ಬಣ್ಣ ಗಾಢ. ಆ ಹಳದಿಯಾದರೂ ಹಳೇ ಕೆಂಪು ರಕ್ತಕಣಗಳು ಒಡೆದಾಗ ಉಳಿಯೋ ಬಣ್ಣ. ದಿನಕ್ಕೆ ಆಗೋ ಬಣ್ಣ ಹೆಚ್ಚುಕಮ್ಮಿ ಅಷ್ಟೇ, ನೀರು ಸೇರಿದಷ್ಟೂ ತೆಳುವಾಗುತ್ತೆ. ಪ್ರೋಟೀನೂ ಹಾಗೇ. ಚೊಂಬುಗಟ್ಟಲೆ ಕುಡಿದರೆ ಕ್ಯಾನು ತುಂಬೀತು, ಒಳಗಿನ ಲೆಕ್ಕ ಬದಲಾಗಲ್ಲ.

"ಹಂಗಾದ್ರೆ ಒಂದು ಸಲದ್ದು ಬಿಟ್ರೆ ಯಾರಿಗೆ ಗೊತ್ತಾಗುತ್ತೆ?" ಅಪ್ಪ ಆಗಲೇ ಸಂಜೆಯ ಆರತಕ್ಷತೆಯ ಯೋಚನೆಯಲ್ಲಿದ್ದರು.

ಗೊತ್ತಾಗುತ್ತೆ. ಅದೇ ಕ್ಯಾನಿನಲ್ಲಿ ಕ್ರಿಯಾಟಿನಿನ್ ಕೂಡ ಅಳೀತಾರೆ. ಅದು ಸ್ನಾಯುಗಳಿಂದ ಬರೋ ಕಸ. ಒಬ್ಬ ಮನುಷ್ಯನ ಮೈಯಲ್ಲಿ ದಿನಕ್ಕೆ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಹುಟ್ಟುತ್ತೆ. ಲೆಕ್ಕಕ್ಕಿಂತ ತೀರಾ ಕಮ್ಮಿ ಬಂದರೆ ಎಲ್ಲೋ ಚೆಲ್ಲಿದ್ದಾರೆ ಅಂತ ಲ್ಯಾಬಿನವರಿಗೆ ಅನುಮಾನ ಬರುತ್ತೆ. ನನಗೆ ಇದು ಬಹಳ ಹಿಡಿಸಿತು. ಮೈಯೇ ಸಾಕ್ಷಿ ಹೇಳುತ್ತೆ, ಅಲ್ವಾ?

ಮಧ್ಯಾಹ್ನ ಐಸ್ ಸುರಿಯುತ್ತಾ ಇನ್ನೊಂದು ಲೆಕ್ಕ ತಲೆಗೆ ಹೊಕ್ಕಿತು. ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳಿದರೆ ಅದರಲ್ಲಿ ಐದನೇ ಒಂದು ಪಾಲು ಎರಡು ಕಿಡ್ನಿಗಳಿಗೇ ಹೋಗುತ್ತೆ. ಒಂದೊಂದೂ ಮುಷ್ಟಿಯಷ್ಟು, ತೂಕ 150 ಗ್ರಾಂ ಆಸುಪಾಸು. ಒಂದರಲ್ಲಿ ಸರಿಸುಮಾರು ಹತ್ತು ಲಕ್ಷ ನೆಫ್ರಾನುಗಳು, ಅಂದರೆ ರಕ್ತ ಸೋಸೋ ಪುಟ್ಟ ಘಟಕಗಳು. ಪ್ರತಿಯೊಂದರ ತುದಿಯಲ್ಲೂ ಕೂದಲಿಗಿಂತ ತೆಳು ರಕ್ತನಾಳಗಳ ಗಂಟು, ಸೋಸೋ ಜಾಗ ಅದೇ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಅಲ್ಲಿ ಸೋಸಿ ಹೊರಬರುತ್ತೆ. ಆದರೆ ಮೂತ್ರವಾಗಿ ಹೋಗೋದು ಒಂದೂವರೆ ಲೀಟರೋ ಏನೋ. ಉಳಿದಿದ್ದೆಲ್ಲ ನಳಿಗೆಗಳ ದಾರಿಯಲ್ಲೇ ವಾಪಸ್ ರಕ್ತಕ್ಕೆ. ಸಕ್ಕರೆ, ಅಮೈನೋ ಆಮ್ಲ, ಉಪ್ಪಿನ ಬಹುಪಾಲು, ನೀರು ಎಲ್ಲ. ಕಸ ಎಸೆಯೋ ಅಂಗ ಅಂತ ನಾವು ಸುಮ್ನೆ ಅಂದುಬಿಡ್ತೀವಿ. ಅದರ ಮುಕ್ಕಾಲು ಪಾಲು ದುಡಿಮೆ ಬೇಕಾದ್ದನ್ನ ಎತ್ತಿಟ್ಟುಕೊಳ್ಳೋದರಲ್ಲೇ ಹೋಗುತ್ತೆ. ಅಪ್ಪನ ತೊಂದರೆ ಶುರುವಾಗಿರೋದೂ ಆ ಗಂಟಿನಲ್ಲೇ. ಪ್ರೋಟೀನು ದೊಡ್ಡ ಕಣ, ಸೋಸುವಾಗಲೇ ದಾಟಬಾರದು. ವರ್ಷಗಟ್ಟಲೆ ಶುಗರ್ ಏರಿಳಿದು ಜಾಲರಿ ಸಡಿಲವಾದರೆ ದಾಟಿಬಿಡುತ್ತೆ. ನೊರೆ ಬರೋದು ಅದಕ್ಕೇ.

ಸಂಜೆ ಆರತಕ್ಷತೆಗೆ ಹೊರಟಾಗ ನಾನೊಂದು ಅಗಲ ಬಾಯಿಯ ಬಾಟಲಿಯನ್ನು ಬ್ಯಾಗಿಗೆ ಹಾಕಿದೆ. ಅಪ್ಪ ತೆಗೆದು ಟೀಪಾಯಿ ಮೇಲಿಟ್ಟರು. ಮದುವೆ ಮನೆಯಲ್ಲಿ ಬಾಟ್ಲಿ ಹಿಡ್ಕೊಂಡು ಓಡಾಡೋದು ಅವರಿಂದಾಗದಂತೆ. ತಡ್ಕೋತೀನಿ ಅಂದರು.

ತಡೆದುಕೊಂಡರು ನಿಜ. ಮುಯ್ಯಿ ಕೊಡೋ ಸಾಲು ಛತ್ರದ ಬಾಗಿಲವರೆಗೆ ಬೆಳೆದಿತ್ತು. ಅದೇ ಹೊತ್ತಿನಲ್ಲಿ ಜ್ಯೂಸ್ ಹಂಚುತ್ತಾ ಬಂದರು. ಮೂತ್ರಕೋಶ ತುಂಬ್ತಿದೆ ಅಂತ ಕಿಡ್ನಿ ಕೆಲಸ ನಿಲ್ಲಿಸಲ್ಲ. ಒಂದೊಂದು ಕಡೆಯಿಂದ ಸುಮಾರು 25 ಸೆಂಟಿಮೀಟರ್ ಉದ್ದದ ನಾಳ, ನಿಮಿಷಕ್ಕೆ ಒಂದೆರಡು ಸಲ ಹಿಂಡಿಕೊಂಡು ಕೆಳಗೆ ತಳ್ಳುತ್ತಲೇ ಇರುತ್ತೆ. ಚೀಲದ ಗೋಡೆ ಸಡಿಲಿಸಿಕೊಂಡು ಜಾಗ ಕೊಡುತ್ತೆ, ಅದಕ್ಕೇ ಬಹಳ ಹೊತ್ತು ಏನೂ ಅನ್ನಿಸಲ್ಲ. 150, 200 ಎಂಎಲ್ ಆದಾಗ ಒಂದು ಸಣ್ಣ ನೆನಪೋಲೆ. 400 ದಾಟಿದರೆ ಜೋರು ಒತ್ತಡ. ಚೀಲದ ಬಾಯಿ ಮುಚ್ಚಿಡೋ ಸ್ನಾಯುಗಳಲ್ಲಿ ಒಳಗಿನ ಬಿಗಿ ನಮ್ಮ ಮಾತು ಕೇಳಲ್ಲ, ಹೊರಗಿನದು ಮಾತ್ರ ನಮ್ಮ ಕೈಯಲ್ಲಿರೋದು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಮಾತಾಡಿಸಿದವರಿಗೆಲ್ಲ ಬರೀ ತಲೆಯಾಡಿಸುತ್ತಾ ಕೂತಿದ್ದು ಆ ಹೊರಗಿನ ಬಿಗಿಯ ಭರವಸೆಯ ಮೇಲೆ.

ವಾಪಸ್ ಬರುವಾಗ ಸ್ಕೂಟರಿನ ಹಿಂದಿಂದ ಒಂದೇ ಮಾತು. "ಹಂಪ್ ನೋಡ್ಕೊಂಡು ಹೋಗೋ."

ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಆಮೇಲೆ ನೋಡಿದರೆ ಗೆರೆ ಒಂದೇ ಸಲಕ್ಕೆ ಅರ್ಧ ಲೀಟರಿನಷ್ಟು ಮೇಲೆ ಹೋಗಿತ್ತು. ಹೀಗೆ ತಡೆದುಕೊಳ್ಳೋದನ್ನ ಅಭ್ಯಾಸ ಮಾಡಿಕೊಳ್ಳಬಾರದು ಅಂತ ಬೈದೆ. ಆದರೂ ಒಳಗೊಳಗೆ ಸಮಾಧಾನ. ಶುಗರ್ ಇರೋ ಕೆಲವರಿಗೆ ಅಲ್ಲಿನ ನರಗಳೇ ಮಂಕಾಗಿ, ತುಂಬಿದ್ದೂ ಗೊತ್ತಾಗಲ್ಲ. ಅಪ್ಪನಿಗೆ ಚೆನ್ನಾಗಿಯೇ ಗೊತ್ತಾಗಿತ್ತು.

ರಾತ್ರಿಯೂ ಕ್ಯಾನು ಏರಿತು. ಹರೆಯದಲ್ಲಿ ನಿದ್ದೆ ಹೊತ್ತಿಗೆ ಎಡಿಎಚ್ ಜಾಸ್ತಿಯಾಗಿ ಕಿಡ್ನಿ ಮೂತ್ರ ಕಮ್ಮಿ ಮಾಡುತ್ತೆ. ವಯಸ್ಸಾದ ಮೇಲೆ ಆ ಏರಿಕೆ ತಗ್ಗುತ್ತೆ. ಹಗಲೆಲ್ಲ ಕಾಲಿಗೆ ಇಳಿದ ನೀರೂ ಮಲಗಿದಾಗ ರಕ್ತಕ್ಕೆ ವಾಪಸ್ ಬರುತ್ತೆ. ವಯಸ್ಸಾದವರ ಮನೆಯಲ್ಲಿ ಬಚ್ಚಲ ಲೈಟು ರಾತ್ರಿಯೆಲ್ಲ ಉರಿಯೋದಕ್ಕೆ ಇದೂ ಒಂದು ಕಾರಣ.

ರಿಪೋರ್ಟು ಬಂತು. ದಿನಕ್ಕೆ 150 ಮಿಲಿಗ್ರಾಂ ಒಳಗಿರಬೇಕಾದ ಪ್ರೋಟೀನ್ ಅಪ್ಪನಿಗೆ ಅದನ್ನು ದಾಟಿತ್ತು. ಹೆದರುವಷ್ಟಲ್ಲ, ಬಿಡುವಷ್ಟೂ ಅಲ್ಲ ಅಂದರು ಡಾಕ್ಟರು. ಬಿಪಿ ಮಾತ್ರೆ ಬದಲಾಯಿಸಿದರು. ಹೊಸದು ಆ ಗಂಟಿನಿಂದ ರಕ್ತ ಹೊರಹೋಗೋ ನಾಳವನ್ನ ಹಿಗ್ಗಿಸಿ, ಸೋಸೋ ಜಾಗದ ಮೇಲಿನ ಒತ್ತಡ ಇಳಿಸುತ್ತಂತೆ. ಉಪ್ಪಿನಕಾಯಿ, ಹಪ್ಪಳ ಮುಟ್ಟಬಾರದು. ಅಮ್ಮ ಅವತ್ತೇ ಜಾಡಿಯನ್ನು ಅಟ್ಟಕ್ಕೆ ಸೇರಿಸಿದರು.

ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಾಗ ಅಪ್ಪ ಮೆಲ್ಲಗೆ ಕೇಳಿದರು, "ಕ್ಯಾನು ಈಗಲೇ ತಗೊಂಡು ಹೋಗ್ಲಾ?" ಬೇಡ, ಬೆಳಗಿನ ಮೂತ್ರ ಒಂದು ಸಣ್ಣ ಡಬ್ಬಿಯಲ್ಲಿ ತಂದ್ರೆ ಸಾಕು, ಅದರಲ್ಲೇ ಆಲ್ಬುಮಿನ್ ಅನ್ನೋ ಪ್ರೋಟೀನಿಗೂ ಕ್ರಿಯಾಟಿನಿನ್ನಿಗೂ ತಾಳೆ ಹಾಕಿ ಅಂದಾಜು ಸಿಗುತ್ತೆ ಅಂದರು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅಪ್ಪ ಸಿಡುಕಿದರು. "ಇದನ್ನ ಮೊದಲೇ ಹೇಳಿದ್ರೆ ಆ ಮದುವೇಲಿ ನೆಮ್ಮದಿಯಾಗಿ ಊಟ ಮಾಡ್ತಿದ್ನಲ್ಲೋ."