ಸ್ಯಾಂಡ್‌ವಿಚ್ ಪಾಟ್‌ಲಕ್: ಬ್ರೆಡ್ ನಿಮ್ಮದು, ಫಿಲ್ಲಿಂಗ್ ಅವರದು

ಸ್ಯಾಂಡ್‌ವಿಚ್ ಪಾಟ್‌ಲಕ್ (ಒಬ್ಬೊಬ್ಬರು ಒಂದೊಂದು ತಂದು ಎಲ್ಲರೂ ಕೂಡಿ ತಿನ್ನುವ ಊಟ) ಅಂದಕೂಡಲೇ ಎಲ್ಲರೂ ಮನೆಯಲ್ಲೇ ಸ್ಯಾಂಡ್‌ವಿಚ್ ಮಾಡಿ ಡಬ್ಬಿಗೆ ತುಂಬಿಕೊಂಡು ಬಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ದಾರಿಯಲ್ಲೇ ಟೊಮೆಟೊ ನೀರು ಬಿಟ್ಟು ಬ್ರೆಡ್ ನೆಂದು ಮುದ್ದೆಯಾಗಿರುತ್ತದೆ. ಬ್ರೆಡ್ಡು, ಬೆಣ್ಣೆ ಕರೆದವರ ಪಾಲಿಗಿರಲಿ. ಒಳಗೆ ಇಡುವುದನ್ನಷ್ಟೇ ಸ್ನೇಹಿತರು ತರಲಿ, ಜೋಡಿಸಿಕೊಳ್ಳುವುದು ಮೇಜಿನ ಮುಂದೆಯೇ ಆಗಲಿ.

ಹತ್ತು ಜನಕ್ಕೆ ಲೆಕ್ಕ ಹಾಕೋಣ. ತಲಾ ಎರಡು ಸ್ಯಾಂಡ್‌ವಿಚ್ ಅಂದರೆ 40 ಸ್ಲೈಸ್. ತುದಿಯ ತುಂಡುಗಳನ್ನು ಯಾರೂ ಮುಟ್ಟುವುದಿಲ್ಲ, ಅವನ್ನು ಬಿಟ್ಟು 45 ಇಟ್ಟುಕೊಳ್ಳಿ. ಸ್ಲೈಸಿಗೆ ಒಂದು ಟೀ ಚಮಚದಂತೆ ಬೆಣ್ಣೆ 200 ಗ್ರಾಂ. ಸ್ಯಾಂಡ್‌ವಿಚ್ಚಿಗೆ ಮೂರು ದೊಡ್ಡ ಚಮಚ ಫಿಲ್ಲಿಂಗ್ ಸಾಕು, ಒಟ್ಟು ಒಂದು ಕಿಲೋ ಒಳಗೇ ಮುಗಿಯುತ್ತದೆ. ಮೂರು ಜನ ತಲಾ 300 ಗ್ರಾಂ ತಂದರೆ ಆಯಿತು. ಉಳಿದವರಿಗೆ ಚೀಸ್ 20 ಸ್ಲೈಸ್, ಟೊಮೆಟೊ 8, ಸೌತೆಕಾಯಿ 3, ಸೊಪ್ಪು, ಹಣ್ಣು, ಕುಡಿಯುವುದು ಹೀಗೆ ಹಂಚಿ. "ಏನಾದ್ರೂ ತಗೊಂಡ್ ಬನ್ನಿ" ಅಂದರೆ ನಾಲ್ಕು ಜನ ಚಿಪ್ಸ್ ತರುತ್ತಾರೆ, ಖಂಡಿತ. "ನೀನು ಮೊಟ್ಟೆ ಫಿಲ್ಲಿಂಗ್, ಆರು ಮೊಟ್ಟೆಯದು" ಅಂತ ಹೆಸರು, ಅಳತೆ ಎರಡೂ ಹೇಳಿ. ಯಾರಿಗೆ ಯಾವುದು ಆಗುವುದಿಲ್ಲ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಕಡಲೆಕಾಯಿ ಬೆಣ್ಣೆಯ ಚಮಚ ಬೇರೆ ಬಟ್ಟಲಿಗೆ ಹೋಗಬಾರದು. ಸಸ್ಯಾಹಾರ, ಮಾಂಸಾಹಾರಕ್ಕೆ ಚಾಕುವೂ ಬೇರೆ ಬೇರೆ.

ಕೆಡುವುದು ಹೆಚ್ಚಾಗಿ ನೀರಿನಿಂದ. ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಮುಚ್ಚಿಟ್ಟರೆ ಆವಿ ಒಳಗೇ ನೀರಾಗುತ್ತದೆ. ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಹಿಸುಕಿ. ಮೊಟ್ಟೆ ಹತ್ತು ನಿಮಿಷ ಬೆಂದು ಪೂರ್ತಿ ತಣ್ಣಗಾದ ಮೇಲೇ ಮೇಯನೇಸ್ ಸೇರಿಸಿ, ಆರು ಮೊಟ್ಟೆಗೆ ಮೂರು ದೊಡ್ಡ ಚಮಚ. ಬಿಸಿಗೆ ಅದು ಒಡೆದು ಎಣ್ಣೆ ಬಿಡುತ್ತದೆ. ತುರಿದ ಕ್ಯಾರೆಟ್, ಎಲೆಕೋಸಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಹಿಂಡಿ ತೆಗೆಯಿರಿ. ಟೊಮೆಟೊಗೆ ಮಾತ್ರ ಉಪ್ಪು ತಿನ್ನುವ ಹೊತ್ತಿಗೇ.

ಬೆಣ್ಣೆಯನ್ನು ಎರಡೂ ಸ್ಲೈಸಿಗೆ ಅಂಚಿನವರೆಗೆ ಸವರಬೇಕು. ರುಚಿಗಿಂತ ಹೆಚ್ಚಾಗಿ ಅದು ನೀರು ಇಳಿಯದಂತೆ ತಡೆಯಲು. ಫ್ರಿಜ್ಜಿನಿಂದ ನೇರ ತೆಗೆದ ಬೆಣ್ಣೆ ಬ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ, ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ. ಬೆಣ್ಣೆಯ ಮೇಲೆ ಚೀಸ್ ಅಥವಾ ಸೊಪ್ಪು, ಟೊಮೆಟೊ ನಡುವೆ.

ಟೋಸ್ಟ್ ಮಾಡುವ ಆಸೆಯಿದ್ದರೆ ಒಂದು ಲೆಕ್ಕ. ಎರಡು ಸ್ಯಾಂಡ್‌ವಿಚ್ ಹಿಡಿಯುವ ಮೇಕರ್‌ನಲ್ಲಿ ಒಂದು ಸರದಿಗೆ ನಾಲ್ಕೈದು ನಿಮಿಷ. ಇಪ್ಪತ್ತು ಸ್ಯಾಂಡ್‌ವಿಚ್ಚಿಗೆ ಮುಕ್ಕಾಲು ಗಂಟೆ ಸಾಲು! ಅದರ ಬದಲು ಅಗಲದ ಎರಡು ಕಾವಲಿ ಸಣ್ಣ ಉರಿಯಲ್ಲಿಟ್ಟು, ಮೇಲೊಂದು ಭಾರದ ಪಾತ್ರೆ ಒತ್ತಿದರೆ ಒಮ್ಮೆಗೆ ನಾಲ್ಕಾದರೂ ಇಳಿಯುತ್ತವೆ.

ಮೇಜನ್ನು ಗೋಡೆಗೆ ತಾಗಿಸಬೇಡಿ, ಎರಡೂ ಕಡೆಯಿಂದ ಜನ ಬರಲಿ. ಬೆಣ್ಣೆಗೆ ಒಂದೇ ಚಾಕು ಇದ್ದರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ, ಮೂರಾದರೂ ಇಡಿ. ಮೊಟ್ಟೆ, ಮಾಂಸ, ಮೇಯನೇಸ್ ಇರುವುದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಹಾಗಾಗಿ ಅರ್ಧ ಹೊರಗೆ, ಅರ್ಧ ಫ್ರಿಜ್ಜಿನಲ್ಲಿ.

ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೇಗ ಬಿರುಸಾಗುತ್ತದೆ. ಫ್ರೀಜರಿಗೆ ಹಾಕಿ, ಬೇಕಾದಾಗ ಹಾಗೆಯೇ ಕಾವಲಿಗೆ ಹಾಕಬಹುದು. ಯಾರೂ ಮುಟ್ಟದ ತುದಿಗಳನ್ನು ಒಣಗಿಸಿ ಪುಡಿ ಮಾಡಿಕೊಳ್ಳಿ, ಕಟ್ಲೆಟ್ಟಿಗೆ ಬರುತ್ತದೆ.