ಮೇಷ್ಟ್ರ ಮನೆಯ ಬಿಳಿ ಟೈಲ್ಸ್

ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಿದೆ. ಗೇಟಿನ ಒಳಗೆ ಕಾರು ನಿಲ್ಲಿಸಲೆಂದು ಹಾಸಿರುವ ಬಿಳಿ ಟೈಲ್ಸಿನ ಸಂದುಗಳಲ್ಲಿ ಇವತ್ತಿಗೂ ತಿಳಿಗೆಂಪು ಗೆರೆಗಳು ಕಾಣುತ್ತವೆ. ಅವು ನನ್ನ ಕೈಕೆಲಸ. 17 ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ನಾನು, ಸ್ಟೀರಿಂಗ್ ಹಗುರವಾಗಿ ತಿರುಗಲು ನೆರವಾಗುವ ಪವರ್ ಸ್ಟೀರಿಂಗ್ ಆಯಿಲ್ ಬದಲಾಯಿಸುವಂತಹ ಕೆಲಸದಲ್ಲಿ, ಅದೂ ಗ್ರಾಹಕರ ಮನೆಯಂಗಳದಲ್ಲಿ, ಹೀಗೆ ಮುಖಭಂಗ ಮಾಡಿಕೊಂಡೆನಲ್ಲ ಎಂಬುದು ನೆನಪಾದಾಗಲೆಲ್ಲ ಒಮ್ಮೆ ನಗು ಬರುತ್ತದೆ, ಮರುಕ್ಷಣವೇ ಕಿವಿ ಬಿಸಿಯಾಗುತ್ತದೆ.

ನಮ್ಮ ಗ್ಯಾರೇಜು ಪಿ.ಬಿ. ರಸ್ತೆಯಲ್ಲಿದೆ. ಎರಡು ವರ್ಷದ ಹಿಂದೆ ನಮ್ಮ ಮಾಲೀಕರಿಗೆ ಮನೆ ಬಾಗಿಲಿಗೇ ಹೋಗಿ ಸರ್ವಿಸ್ ಮಾಡಿಕೊಡುವ ಆಲೋಚನೆ ಬಂತು. ಒಂದು ಓಮ್ನಿ, ಅದರೊಳಗೆ ಒಂದು ಜಾಕ್, ಪಾನಾ ಸೆಟ್ಟು, ಆಯಿಲ್ ಎಳೆಯುವ ದೊಡ್ಡ ಸಿರಿಂಜು, ಒಂದು ಚೀಲ ಕಾಟನ್ ವೇಸ್ಟು. ಇಷ್ಟೇ ನಮ್ಮ ಕಿಟ್ಟು. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಬೇಕೆಂದು ಕೇಳಿದರೆ ಓಮ್ನಿಯಲ್ಲಿ ಜಾಗವಿಲ್ಲವೆಂಬ ಉತ್ತರ ಬಂತು. ಕಾಟನ್ ವೇಸ್ಟಿಗೆ ಮಾತ್ರ ಕೊರತೆ ಮಾಡಲಿಲ್ಲ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರಿನಲ್ಲಿ ಅದಕ್ಕೂ ಬರ ಬಂದರೆ ಹೇಗೆ? ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಸ್ಟೀರಿಂಗ್ ಆಯಿಲಿಗೆ 45 ನಿಮಿಷ ಎಂದು ಅಚ್ಚು ಹಾಕಿಸಿದ್ದರು. ಆ 45 ನಿಮಿಷವನ್ನು ಲೆಕ್ಕ ಹಾಕಿದವರು ಗಾಡಿ ರಿಪೇರಿ ಮಾಡುವ ಜಾಗಕ್ಕೆ ಇಳಿದು ಒಂದು ಕ್ಲಿಪ್ಪನ್ನಾದರೂ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಗ್ರಾಹಕರ ದೂರು ಕೇಳಿ ಕೆಲಸ ಗೊತ್ತುಮಾಡುವ ನಮ್ಮ ಅಡ್ವೈಸರಂತೂ ಒಮ್ಮೆ ಸ್ವಿಫ್ಟ್ ಕಾರಿಗೂ ಸ್ಟೀರಿಂಗ್ ಆಯಿಲ್ ಬದಲಾವಣೆಯ ಕಾರ್ಡು ತೆರೆದುಬಿಟ್ಟಿದ್ದರು. ಕರೆಂಟ್ ಮೋಟರಿನ ಬಲದಿಂದ ತಿರುಗುವ ಆ ಸ್ಟೀರಿಂಗಿಗೆ ಆಯಿಲ್ ಡಬ್ಬಿಯೇ ಇರುವುದಿಲ್ಲವೆಂದು ನಿಟ್ಟುವಳ್ಳಿಯವರೆಗೆ ಹೋಗಿ ಹೇಳಿಬರಬೇಕಾಯಿತು.

ಮನೆಯಲ್ಲಿ ಮಾಡಬೇಕಾದದ್ದು ಸಿರಿಂಜಿನ ಕೆಲಸ ಮಾತ್ರ ಎಂಬುದು ನಮಗಿದ್ದ ಸೂಚನೆ. ಡಬ್ಬಿಯಲ್ಲಿರುವ ಹಳೆಯ ಆಯಿಲನ್ನು ಎಳೆದು ತೆಗೆಯುವುದು, ಹೊಸದನ್ನು ಗುರುತಿನವರೆಗೆ ಸುರಿಯುವುದು, ಗಾಡಿ ಸ್ವಲ್ಪ ಓಡಿದ ಮೇಲೆ ಮತ್ತೆ ಅದನ್ನೇ ಮಾಡುವುದು. ಇದನ್ನು ನಾವು ಕಾಂಪೌಂಡರ್ ಕೆಲಸ ಎಂದು ಗೇಲಿ ಮಾಡುತ್ತಿದ್ದೆವು. ಡಬ್ಬಿ ಖಾಲಿಯಾದರೂ ಪಂಪು, ಪೈಪು, ಚಕ್ರಗಳನ್ನು ತಿರುಗಿಸುವ ರ‍್ಯಾಕುಗಳಲ್ಲಿ ಹಳೆಯದು ಹಾಗೆಯೇ ಉಳಿದಿರುತ್ತದೆ, ಹೊಸದು ಅದರೊಂದಿಗೆ ಬೆರೆತು ಎರಡೇ ದಿನಕ್ಕೆ ಕಪ್ಪಾಗುತ್ತದೆ ಎಂಬುದು ನಮ್ಮ ತಕರಾರು. ತಕರಾರು ಸುಳ್ಳಲ್ಲ. ಆದರೆ ಅದರ ಹಿಂದೆ ನನ್ನ ಜಂಭವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೇಷ್ಟ್ರದು 2011ರ ಡೀಸೆಲ್ ಇನ್ನೋವಾ. ಬೆಳಗ್ಗೆ ಗಾಡಿ ತೆಗೆಯುವಾಗ ಸ್ಟೀರಿಂಗ್ ಬಿಗಿ, ತಿರುಗಿಸಿದರೆ ಕರು ನರಳಿದಂತೆ ಸದ್ದು ಎಂಬುದು ದೂರು. ನಾನು ಹೋದಾಗ ಅವರು ಬಾನೆಟ್ ಎತ್ತಿ, ಕೈಯಲ್ಲಿ ಡಾಟ್ 3 ಬಾಟಲಿ ಹಿಡಿದು ಸಿದ್ಧರಾಗಿ ನಿಂತಿದ್ದರು. ಅಂಗಡಿಯವನನ್ನು ಆಯಿಲ್ ಕೇಳಿದ್ದರಂತೆ, ಅವನು ಬ್ರೇಕ್ ಆಯಿಲ್ ಕೊಟ್ಟು ಕಳಿಸಿದ್ದ. ಅದನ್ನು ಮೊದಲು ಅವರ ಕೈಯಿಂದ ಇಸಿದುಕೊಂಡೆ. ಬ್ರೇಕ್ ಆಯಿಲಿನ ಮೂಲ ಗ್ಲೈಕಾಲ್, ಸ್ಟೀರಿಂಗಿನ ಸೀಲುಗಳು ಖನಿಜ ತೈಲಕ್ಕೆ ಹೊಂದುವ ರಬ್ಬರಿನವು. ಒಂದು ಮುಚ್ಚಳದಷ್ಟು ಬಿದ್ದರೂ ಸೀಲುಗಳು ಉಬ್ಬಿ ಮೆತ್ತಗಾಗಿ ರ‍್ಯಾಕು ಸೋರಲು ಶುರುವಾಗುತ್ತದೆ. ಈ ಗಾಡಿಗೆ ಬೇಕಾದದ್ದು ಡೆಕ್ಸ್‌ರಾನ್ ಎ.ಟಿ.ಎಫ್., ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೂ ಹಾಕುವ ಆಯಿಲ್, ಕೆಂಪು ಬಣ್ಣದ್ದು. ಡಬ್ಬಿಯೊಳಗೆ ಕಡ್ಡಿ ಅದ್ದಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ತೋರಿಸಿದೆ. ಕೆಂಪಾಗಿ ಹರಡಬೇಕಾದದ್ದು ಡಿಕಾಕ್ಷನ್ ಬಣ್ಣದ್ದಾಗಿ, ನಡುವೆ ಕಪ್ಪು ಚುಕ್ಕೆ ಉಳಿಸಿ ನಿಂತಿತು, ಸುಟ್ಟ ವಾಸನೆಯನ್ನೂ ಹೊಡೆಯುತ್ತಿತ್ತು.

“ಇದನ್ನ ಪೂರ್ತಿ ತೆಗೀಲಿಕ್ಕೆ ಆಗಂಗಿಲ್ಲೇನಪ್ಪಾ?” ಎಂದು ಮೇಷ್ಟ್ರು ಕೇಳಿದರು. ಆಗುವುದಿಲ್ಲ, ಗ್ಯಾರೇಜಿಗೆ ತನ್ನಿ ಎಂದು ಹೇಳಬೇಕಾಗಿತ್ತು. “ಯಾಕಾಗಂಗಿಲ್ಲ ಸರ್” ಎಂದುಬಿಟ್ಟೆ.

ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ನಾವು ಇಬ್ಬರು. ಆಯಿಲನ್ನು ಡಬ್ಬಿಗೆ ವಾಪಸು ತರುವ ರಿಟರ್ನ್ ಪೈಪನ್ನು ಡಬ್ಬಿಯಿಂದ ಬಿಚ್ಚಿ ಖಾಲಿ ಬಾಟಲಿಯೊಳಗೆ ಇಳಿಬಿಟ್ಟು, ಡಬ್ಬಿಯ ತೂತಿಗೆ ಬೂಚು ಹಾಕಿ, ಹೊಸ ಆಯಿಲ್ ತುಂಬಿಕೊಂಡು ನಾನು ನಿಲ್ಲುತ್ತೇನೆ. ಜೊತೆಗಾರ ಬಾಗಿಲಿನಿಂದ ತಲೆ ಹೊರಹಾಕಿ ನನ್ನನ್ನೇ ನೋಡುತ್ತಿರುತ್ತಾನೆ. ನಾನು ಗಲ್ಲ ಎತ್ತಿದರೆ ಸ್ಟಾರ್ಟ್, ಇಳಿಸಿದರೆ ಆಫ್. ಗಾಡಿ ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುವ ಐಡ್ಲಿಂಗಿನಲ್ಲಿಯೂ ಪಂಪು ನಿಮಿಷಕ್ಕೆ ಹಲವು ಲೀಟರ್ ತಳ್ಳುತ್ತದೆ, ಡಬ್ಬಿ ಹಿಡಿಯುವುದು ಅರ್ಧ ಲೀಟರಿಗೂ ಕಡಿಮೆ. ಹಾಗಾಗಿ ಎಂಜಿನ್ ಓಡಬೇಕಾದದ್ದು ಒಂದೆರಡು ಎಣಿಸುವಷ್ಟು ಹೊತ್ತು ಮಾತ್ರ; ಮತ್ತೆ ನಿಲ್ಲಿಸಿ ತುಂಬಬೇಕು. ಈ ಲಯ ನಮ್ಮಿಬ್ಬರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ನನ್ನೊಬ್ಬನ ಕಸುಬುಗಾರಿಕೆ ಎಂದೇ ನಾನು ತಿಳಿದಿದ್ದೆ. ಅದರಲ್ಲಿ ಅರ್ಧ ಅವನ ಕಣ್ಣಿನಲ್ಲಿತ್ತು.

ಮೇಷ್ಟ್ರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. “ನಾನು ಹೇಳಿದಾಗ ಸ್ಟಾರ್ಟ್ ಮಾಡ್ರಿ, ಹೇಳಿದಾಗ ಬಂದ್ ಮಾಡ್ರಿ. ಸ್ಟೀರಿಂಗ್ ತಿರುಗಿಸು ಅಂದ್ರೆ ಹಾಫ್ ತಿರುಗಿಸಿದ್ರೆ ಸಾಕು, ಪೂರ್ತಿ ಲಾಕಿಗೆ ಒಯ್ಯಬ್ಯಾಡ್ರಿ” ಎಂದೆ. ಕೊನೆಯ ತುದಿಯಲ್ಲಿ ಸ್ಟೀರಿಂಗನ್ನು ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಒತ್ತಡ ಏರಿ ಆಯಿಲ್ ಕಾಯುತ್ತದೆ, ಪಂಪಿಗೆ ಒಳ್ಳೆಯದಲ್ಲವೆಂದು ಕಾರಣವನ್ನೂ ವಿವರಿಸಿದೆ. ಅವರು ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಎತ್ತಿದ ಬಾನೆಟ್ಟಿನ ಹಿಂದೆ ನಾನು ಅವರಿಗೆ ಕಾಣುವುದಿಲ್ಲ, ಅವರು ನನಗೆ ಕಾಣುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲೆರಡು ಸುತ್ತು ಚೆನ್ನಾಗಿಯೇ ನಡೆಯಿತು. ನಾನು ಬಂದ್ ಎಂದು ಕೂಗಿದೆ, ಅವರು ಬಂದ್ ಮಾಡಿದರು. ಬಾಟಲಿಗೆ ಬಿದ್ದದ್ದು ಡಾಂಬರಿನಂತಹ ಕಪ್ಪು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಮೂರನೆಯ ಸುತ್ತಿಗೆ ಮುಂಚೆ ಮೇಷ್ಟ್ರು ಸೆಕೆ ತಾಳದೆ ಗಾಜು ಏರಿಸಿ ಎ.ಸಿ. ಹಾಕಿಕೊಂಡಿದ್ದಾರೆ. ಸ್ಟಾರ್ಟ್ ಎಂದೆ. ಎಂಜಿನ್ ಎದ್ದಿತು, ಜೊತೆಗೆ ಬ್ಲೋವರ್ ಪೂರ್ತಿ ವೇಗದಲ್ಲಿ ಗಾಳಿ ಊದತೊಡಗಿತು. ಪಕ್ಕದ ಮನೆಯವರು ಅದೇ ಹೊತ್ತಿಗೆ ಟ್ಯಾಂಕಿನ ಮೋಟರ್ ಹಾಕಿದರು. ಡಬ್ಬಿಯ ಮಟ್ಟ ನೋಡನೋಡುತ್ತಿದ್ದಂತೆ ಕುಸಿಯಿತು. ಆ ಗಡಿಬಿಡಿಯಲ್ಲಿ ‘ಬಂದ್’ ಎಂಬ ಪದ ಬಾಯಿಗೆ ಬರಲಿಲ್ಲ. ಗ್ಯಾರೇಜಿನ ರೂಢಿಯ ‘ಆಫ್’ ಬಂತು.

“ಆಫ್!” ಎಂದು ಕೂಗಿದೆ. ಮುಂದಿನ ಚಕ್ರಗಳು ನಿಧಾನವಾಗಿ ಬಲಕ್ಕೆ ತಿರುಗಿದವು. ಇನ್ನಷ್ಟು ಗಟ್ಟಿಯಾಗಿ “ಆಫ್! ಆಫ್!” ಎಂದೆ. ಚಕ್ರಗಳು ಅಷ್ಟೇ ನಿಧಾನವಾಗಿ ಎಡಕ್ಕೆ ತಿರುಗಿದವು. ನನ್ನ ಒಂದು ಕೈಯಲ್ಲಿ ರಿಟರ್ನ್ ಪೈಪು, ಇನ್ನೊಂದರಲ್ಲಿ ಹೊಸ ಆಯಿಲಿನ ಕ್ಯಾನು. ಪೈಪು ಬಿಟ್ಟರೆ ಬಿಸಿ ಆಯಿಲ್ ಎಂಜಿನ್ ಮೇಲೆಲ್ಲ ಚಿಮ್ಮುತ್ತದೆ, ಕ್ಯಾನು ಬಿಟ್ಟರೆ ಡಬ್ಬಿ ಒಣಗುತ್ತದೆ. ಸುರಿದೆ, ಸುರಿದದ್ದು ಸುರಿದಂತೆಯೇ ಇಳಿದುಹೋಯಿತು. ಬಾಟಲಿ ತುಂಬಿ ಹೊರಚೆಲ್ಲಿತು. ಡಬ್ಬಿಯ ತಳದ ಜಾಲರಿ ಕಂಡಿತು. ಅದಾದ ಮೇಲೆ ಬಂದ ಸದ್ದನ್ನು ಯಾವ ಮೆಕ್ಯಾನಿಕ್ಕೂ ಮರೆಯಲಾರ: ಮೊದಲು ಸಣ್ಣಗೆ ಕುಂಯ್ಗುಟ್ಟಿ, ಆಮೇಲೆ ಬಾವಿಯ ಒಣರಾಟೆ ಎಳೆದಂತೆ ಕೀರಲು ದನಿ. ಪಂಪಿನೊಳಗೆ ತಿರುಗುವ ಲೋಹದ ಎಲೆಗಳಿಗೆ ಕೀಲೆಣ್ಣೆಯೆಂದರೆ ಆ ಆಯಿಲೇ. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಐದು ನಿಮಿಷ ನಡೆಯಿತೆಂದು ನನಗನಿಸಿತ್ತು; ಲೆಕ್ಕ ಹಾಕಿದರೆ ಅರ್ಧ ನಿಮಿಷವೂ ಇರಲಾರದು.

ಕೊನೆಗೆ ಎರಡನ್ನೂ ಕೈಬಿಟ್ಟು ಓಡಿ, ಆಯಿಲಾದ ಅಂಗೈಯಿಂದ ಗಾಜನ್ನು ಬಡಿದೆ. ಮೇಷ್ಟ್ರು ಗಾಜು ಇಳಿಸಿ, ಅತ್ಯಂತ ವಿಧೇಯವಾಗಿ, “ಇನ್ನೂ ಹಾಫ್ ತಿರುಗಿಸ್ಲೇನಪ್ಪಾ?” ಎಂದರು.

ಇಲ್ಲಿಗೆ ನಿಂತಿದ್ದರೆ ಅದು ಅವರ ಕಿವಿಯ ತಪ್ಪು ಎಂದು ಹೇಳಿಕೊಂಡು ತಿರುಗಬಹುದಿತ್ತು. ಮುಂದಿನದು ನನ್ನೊಬ್ಬನದೇ. ಪೈಪುಗಳೊಳಗೆ ಗಾಳಿ ಸೇರಿ ಏರ್ ಹಿಡಿದಿದೆಯೆಂದು ಗೊತ್ತಿದ್ದೂ, ಜಾಬ್ ಕಾರ್ಡಿನ 45 ನಿಮಿಷ ದಾಟುತ್ತಿದೆಯೆಂಬ ಅವಸರಕ್ಕೆ, ಪೈಪು ಜೋಡಿಸಿ ನೇರವಾಗಿ ಸ್ಟಾರ್ಟ್ ಮಾಡಿಸಿದೆ. ಡಬ್ಬಿಯೊಳಗೆ ಆಯಿಲ್ ನೊರೆಯೆದ್ದು ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗಿತು. ಎಂಜಿನ್ ಓಡುತ್ತಿರುವಾಗಲೇ ಮಟ್ಟ ಕಡಿಮೆಯೆಂದು ಮೇಲಿನ ಗುರುತಿನವರೆಗೆ ತುಂಬಿದೆ. ಏರ್ ಇರುವ ಸಿಸ್ಟಮ್ಮಿನಲ್ಲಿ ಒತ್ತಡದಿಂದ ಕುಗ್ಗಿದ್ದ ಗಾಳಿ ಎಂಜಿನ್ ನಿಂತೊಡನೆ ಹಿಗ್ಗಿ ಆಯಿಲನ್ನು ಮೇಲಕ್ಕೆ ನೂಕುತ್ತದೆ ಎಂಬುದನ್ನು ನಾನೇ ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ಬಂದ್ ಮಾಡಿಸಿದ ಕೂಡಲೇ ಡಬ್ಬಿ ಹಾಲಿನ ಪಾತ್ರೆಯಂತೆ ಉಕ್ಕಿತು. ನಸುಗೆಂಪು ನೊರೆ ಎಂಜಿನ್ ಮೇಲಿಂದ ಇಳಿದು, ಚಾಸಿಯ ಅಂಚಿನಲ್ಲಿ ತೊಟ್ಟಿಕ್ಕಿ, ಬಿಳಿ ಟೈಲ್ಸಿನ ಇಳಿಜಾರು ಹಿಡಿದು ಬೆಳಗಿನ ರಂಗೋಲಿಯವರೆಗೆ ಹರಿಯಿತು. ಬಾಗಿಲಿಗೆ ಬಂದ ಅಮ್ಮನವರು “ಅಯ್ಯೋ, ಯಾರಿಗೆ ಏನಾತ್ರೀ!” ಎಂದು ಕಿರುಚಿದರು. ಯಾರಿಗೂ ಏನೂ ಆಗಿಲ್ಲವೆಂದು ಹೇಳಲು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಗ್ಯಾರೇಜಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಜೊತೆಗಾರ ಎರಡು ಸ್ಟ್ಯಾಂಡುಗಳನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. ಸ್ಕೂಟರಿನಲ್ಲಿ ಹಿಡಿದದ್ದು ಓಮ್ನಿಯಲ್ಲಿ ಹೇಗೆ ಹಿಡಿಯುವುದಿಲ್ಲವೋ ತಿಳಿಯದು. ಆ ಅರ್ಧ ಗಂಟೆ ಸುಮ್ಮನೆ ಬಿಟ್ಟಿದ್ದೇ ಒಳ್ಳೆಯದಾಯಿತು, ನೊರೆ ತಾನಾಗಿಯೇ ಒಡೆದು ಆಯಿಲ್ ಮತ್ತೆ ಕೆಂಪಾಗಿ ಕಾಣತೊಡಗಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಎಂಜಿನ್ ಬಂದ್ ಇರುವಾಗಲೇ ಸ್ಟೀರಿಂಗನ್ನು ಲಾಕ್ ಟು ಲಾಕ್, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ, ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿದೆವು. ಪ್ರತಿ ಸುತ್ತಿಗೂ ಡಬ್ಬಿಯಲ್ಲಿ ಗುಳ್ಳೆಗಳು ಎದ್ದು ಒಡೆದವು, ಮಟ್ಟ ಇಳಿಯಿತು, ಅಷ್ಟಷ್ಟೇ ತುಂಬಿದೆವು. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಮತ್ತೆ ಕೆಲವು ಸಲ ತಿರುಗಿಸಿ, ಬಂದ್ ಮಾಡಿ, ಮಟ್ಟ 5 ಮಿ.ಮೀ.ಗಿಂತ ಹೆಚ್ಚು ಏರುವುದಿಲ್ಲವೆಂದು ನೋಡಿಕೊಂಡೆವು. ಕರುವಿನ ನರಳಾಟ ಹೋಗಿತ್ತು. ಗಂಟೆ ಎರಡಾಗಿತ್ತು. ಅಮ್ಮನವರು ಇಬ್ಬರಿಗೂ ಖಾರ ಮಂಡಕ್ಕಿ ಕೊಟ್ಟರು. ನಾನು ಸೋಪಿನ ಪುಡಿ ಹಾಕಿ ಟೈಲ್ಸ್ ತಿಕ್ಕಿದೆ. ಮೇಲ್ಮೈ ಬೆಳ್ಳಗಾಯಿತು, ಸಂದಿನ ಸಿಮೆಂಟು ಕುಡಿದದ್ದನ್ನು ವಾಪಸು ಕೊಡಲಿಲ್ಲ.

ಆ ದಿನದ ಲೇಬರ್ ಚಾರ್ಜನ್ನು ನಾನು ಬಿಲ್ಲಿನಲ್ಲಿ ಹಾಕಿಸಲಿಲ್ಲ. ಒಣಗಿ ಓಡಿದ ಆ ಅರ್ಧ ನಿಮಿಷದಲ್ಲಿ ಪಂಪು ಎಷ್ಟು ಸವೆಯಿತೆಂದು ಬಿಚ್ಚಿ ನೋಡದೆ ಹೇಳಲಾಗುವುದಿಲ್ಲ, ಈ ಮಾತನ್ನು ಮೇಷ್ಟ್ರಿಗೂ ಹೇಳಿ ಬಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ಮನೆಗಳಲ್ಲಿ ನಾನು ಕಾಂಪೌಂಡರ್ ಕೆಲಸವನ್ನೇ ಮಾಡುತ್ತೇನೆ. ಒಟ್ಟು ಆಯಿಲಿನಲ್ಲಿ ಮೂರನೇ ಒಂದು ಭಾಗ ಡಬ್ಬಿಯಲ್ಲಿದೆಯೆಂದು ಇಟ್ಟುಕೊಂಡರೆ, ಮೂರು ಸಲ ಎಳೆದು ತುಂಬಿದ ಮೇಲೆ ಹಳೆಯದು ನೂರಕ್ಕೆ 30 ಭಾಗ ಉಳಿಯುತ್ತದೆ, ಐದು ಸಲಕ್ಕೆ 13ಕ್ಕೆ ಇಳಿಯುತ್ತದೆ. ನಡುವೆ ಒಂದೆರಡು ದಿನ ಗಾಡಿ ಓಡಿದರೆ ಸಾಕು. ಒಬ್ಬನೇ ಇದ್ದರೂ ನಡೆಯುವ, ಗಾಳಿ ಹೊಗದ ಕೆಲಸವನ್ನು ಇಷ್ಟು ವರ್ಷ ಗೇಲಿ ಮಾಡಿದ್ದಕ್ಕೆ ಕಾರಣ ಗಣಿತ ಬಾರದ್ದಲ್ಲ, ಅದರಲ್ಲಿ ತೋರಿಸಿಕೊಳ್ಳುವಂಥದ್ದೇನೂ ಇಲ್ಲ ಎಂಬುದು. ಸೀಟಿನಲ್ಲಿ ಬೇರೆಯವರನ್ನು ಕೂರಿಸಲೇಬೇಕಾದಾಗ ಗಾಜು ಇಳಿಸಿ ಬ್ಲೋವರ್ ನಿಲ್ಲಿಸುತ್ತೇನೆ, ‘ಸಾಕು’ ಎಂಬ ಒಂದೇ ಪದವನ್ನು ಗೊತ್ತುಮಾಡಿಕೊಂಡು, ಎಂಜಿನ್ ಎಬ್ಬಿಸುವ ಮೊದಲೇ ಎರಡು ಸಲ ಅಭ್ಯಾಸ ಮಾಡಿಸುತ್ತೇನೆ. ಜನ ನಗುತ್ತಾರೆ, ನಗಲಿ.

ನಡೆದದ್ದನ್ನು ಬರೆದು ಫ್ಲೋರ್ ಇನ್‌ಚಾರ್ಜಿಗೆ ಕೊಟ್ಟೆ. ಮನೆ ಸರ್ವಿಸಿಗೆ ಇಬ್ಬರನ್ನು ಕಳಿಸಬೇಕು, ಕಿಟ್ಟಿಗೆ ಎರಡು ಸ್ಟ್ಯಾಂಡು ಬೇಕು, 45 ನಿಮಿಷದ ಗಡಿ ತೆಗೆಯಬೇಕು ಎಂದು ಮೂರು ಕೋರಿಕೆಗಳನ್ನೂ ಸೇರಿಸಿದ್ದೆ. ಹದಿನೈದು ದಿನ ಯಾವ ಉತ್ತರವೂ ಬರಲಿಲ್ಲ. ಆಮೇಲೆ ಒಂದು ಸೋಮವಾರ ಓಮ್ನಿಯ ಹಿಂಬಾಗಿಲು ತೆರೆದಾಗ ಕಾಟನ್ ವೇಸ್ಟಿನ ಚೀಲದ ಪಕ್ಕದಲ್ಲಿ ಹೊಸದೊಂದು ಸಾಮಾನು ಕಂಡಿತು. ಟೈಲ್ಸ್ ತೊಳೆಯುವ ಲಿಕ್ವಿಡ್, ಐದು ಲೀಟರಿನ ಕ್ಯಾನು.